ಪ್ರವಾಸಿ ಪಾಸ್: ಲಾಭವೋ, ನಷ್ಟವೋ? ವ್ಯಾಪಾರಸ್ಥರಿಗೊಂದು ಲೆಕ್ಕಾಚಾರ

ವಿದೇಶಿ ವ್ಯಾಪಾರ ಮೇಳಗಳಿಗೆ ಹೋಗಿಬರುವುದು ಈಗ ದೊಡ್ಡ ಉದ್ಯಮಗಳಿಗಷ್ಟೇ ಮೀಸಲಾದ ಸಂಗತಿಯಾಗಿ ಉಳಿದಿಲ್ಲ. ಗೋಡಂಬಿ, ಕಾಫಿ, ಸಾಂಬಾರ ಪದಾರ್ಥ, ಸಿದ್ಧ ಉಡುಪು, ಕರಕುಶಲ ವಸ್ತು, ಯಂತ್ರದ ಬಿಡಿಭಾಗ ಹೀಗೆ ಹಲವು ವಹಿವಾಟುಗಳ ಸಣ್ಣ ಉದ್ಯಮಿಗಳೂ ಖರೀದಿದಾರರನ್ನು ಅರಸಿ ಹೊರದೇಶಗಳಿಗೆ ತೆರಳುತ್ತಿದ್ದಾರೆ. ಮೇಳ ಮುಗಿದ ಮೇಲೆ ಒಂದೆರಡು ದಿನ ಉಳಿದು ಆ ಊರನ್ನು ನೋಡಿಕೊಂಡು ಬರುವುದು ಸಹಜವೇ. ಇಂತಹ ಸಂದರ್ಭದಲ್ಲಿ ಬಹುತೇಕ ಎಲ್ಲ ದೊಡ್ಡ ನಗರಗಳಲ್ಲೂ ಎದುರಾಗುವ ಪ್ರಶ್ನೆಯೊಂದಿದೆ. ಪ್ರೇಕ್ಷಣೀಯ ಸ್ಥಳಗಳಿಗೆ ಬಿಡಿ ಟಿಕೆಟ್ ಕೊಳ್ಳುವುದು ಮೇಲೋ, ಎಲ್ಲಕ್ಕೂ ಒಂದೇ ಆಗಿರುವ ‘ಪ್ರವಾಸಿ ಪಾಸ್’ ಕೊಳ್ಳುವುದು ಮೇಲೋ?

ಮೇಲ್ನೋಟಕ್ಕೆ ಇದು ಸಣ್ಣ ವಿಷಯ. ಆದರೆ ಲಕ್ಷಾಂತರ ರೂಪಾಯಿಗಳ ಖರೀದಿಯಲ್ಲಿ ಪೈಸೆ ಪೈಸೆಗೂ ಚೌಕಾಸಿ ಮಾಡುವ ವ್ಯಾಪಾರಸ್ಥರೇ ಪ್ರವಾಸದಲ್ಲಿರುವಾಗ ಲೆಕ್ಕ ಹಾಕದೆ ಪಾಸ್ ಕೊಂಡು, ಅರ್ಧವನ್ನೂ ಬಳಸದೆ ಹಿಂತಿರುಗುವುದುಂಟು. ಇನ್ನು ಕೆಲವರು ‘ಅದೆಲ್ಲ ಮೋಸ’ ಎಂದು ತಳ್ಳಿಹಾಕಿ, ಪಾಸ್‌ನಿಂದ ನಿಜವಾಗಿಯೂ ಸಿಗಬಹುದಾಗಿದ್ದ ಉಳಿತಾಯವನ್ನು ಕಳೆದುಕೊಳ್ಳುವುದೂ ಉಂಟು. ಎರಡೂ ತಪ್ಪೇ. ಅಂಗಡಿಯಲ್ಲಿ ಪ್ರತಿದಿನ ಬಳಸುವ ಲೆಕ್ಕದ ಕ್ರಮವನ್ನೇ ಇಲ್ಲಿಯೂ ಅನ್ವಯಿಸಿದರೆ ಉತ್ತರ ದೊರೆಯುತ್ತದೆ.

ಪಾಸ್‌ಗಳಲ್ಲಿ ಎಷ್ಟು ಬಗೆ?

ಪ್ರವಾಸಿ ಪಾಸ್‌ಗಳನ್ನು ಸ್ಥೂಲವಾಗಿ ಮೂರು ವಿಧವಾಗಿ ವಿಂಗಡಿಸಬಹುದು. ಮೊದಲನೆಯದು ಕಾಲಮಿತಿಯ ಪಾಸ್. ನಿಗದಿತ ಗಂಟೆ ಅಥವಾ ದಿನಗಳೊಳಗೆ ಪಟ್ಟಿಯಲ್ಲಿರುವ ಎಷ್ಟು ಸ್ಥಳಗಳನ್ನಾದರೂ ನೋಡಬಹುದು. ಪ್ಯಾರಿಸ್ ಮ್ಯೂಸಿಯಂ ಪಾಸ್ ಈ ಬಗೆಯದು. ಎರಡನೆಯದು ಸಂಖ್ಯಾಮಿತಿಯ ಪಾಸ್. ನ್ಯೂಯಾರ್ಕಿನ ಸಿಟಿಪಾಸ್‌ನಂತೆ ಇಂತಿಷ್ಟೇ ಸ್ಥಳಗಳು ಎಂದು ಲೆಕ್ಕ. ಕಾಲಾವಕಾಶ ಸಾಕಷ್ಟು ದೀರ್ಘವಾಗಿರುತ್ತದೆ. ಮೂರನೆಯದು ರಿಯಾಯಿತಿ ಕಾರ್ಡ್. ಸ್ವಿಟ್ಜರ್‌ಲೆಂಡಿನ ಹಾಫ್ ಫೇರ್ ಕಾರ್ಡ್ ಕೊಂಡವರು ಬಹುತೇಕ ರೈಲು, ಬಸ್ಸು, ದೋಣಿಗಳಲ್ಲಿ ಅರ್ಧ ದರದ ಟಿಕೆಟ್ ಪಡೆಯುತ್ತಾರೆ.

ನಮ್ಮಲ್ಲಿಯೂ ಇವುಗಳ ಸಣ್ಣ ರೂಪಗಳಿವೆ. ಬೆಂಗಳೂರಿನ ನಗರ ಸಾರಿಗೆ ಬಸ್ಸಿನ ದಿನದ ಪಾಸ್ ಕಾಲಮಿತಿಯದು. ಹಂಪಿಯಲ್ಲಿ ವಿಜಯ ವಿಠ್ಠಲ ದೇವಾಲಯದ ಬಳಿ ಪುರಾತತ್ತ್ವ ಇಲಾಖೆಯ ಟಿಕೆಟ್ ಕೊಂಡವರು ಅದೇ ದಿನ, ಅದೇ ಟಿಕೆಟಿನಲ್ಲಿ ಹಲವು ಕಿಲೋಮೀಟರ್ ದೂರದ ರಾಣಿವಾಸದ ಆವರಣವನ್ನೂ ನೋಡಬಹುದು. ಟಿಕೆಟನ್ನು ಎಸೆದವರು ಮತ್ತೊಮ್ಮೆ ಹಣ ತೆರುತ್ತಾರೆ. ಜೋಪಾನ ಮಾಡಿದವರು ಉಳಿಸುತ್ತಾರೆ. ತತ್ತ್ವ ಒಂದೇ, ಮೊತ್ತ ಮಾತ್ರ ಬೇರೆ.

ಪ್ಯಾರಿಸ್‌ನ ಉದಾಹರಣೆ

ವಿಷಯವನ್ನು ಸ್ಪಷ್ಟಪಡಿಸಲು ಒಂದು ಕಲ್ಪಿತ ಸಂದರ್ಭವನ್ನು ತೆಗೆದುಕೊಳ್ಳಬಹುದು. ಕರಾವಳಿಯ ಗೋಡಂಬಿ ಸಂಸ್ಕರಣಾ ಘಟಕವೊಂದರ ಮಾಲೀಕರು 2024ರ ಅಕ್ಟೋಬರ್‌ನಲ್ಲಿ ಪ್ಯಾರಿಸ್ ಸಮೀಪದ ವಿಲ್‌ಪ್ಯಾಂತ್‌ನಲ್ಲಿ ನಡೆದ ‘ಸಿಯಾಲ್’ ಆಹಾರ ಮೇಳಕ್ಕೆ ಹೋಗಿದ್ದರೆಂದು ಭಾವಿಸೋಣ. ಜೊತೆಯಲ್ಲಿ ಪತ್ನಿ ಮತ್ತು 16 ವರ್ಷದ ಮಗ. 19ರ ಶನಿವಾರ ಆರಂಭವಾದ ಮೇಳ 23ರ ಬುಧವಾರ ಮುಗಿಯಿತು. ಶನಿವಾರ ಬೆಳಿಗ್ಗೆ ವಿಮಾನ. ಅಂದರೆ ಗುರುವಾರ, ಶುಕ್ರವಾರ ಎಂಬ ಎರಡು ದಿನಗಳು ಮಾತ್ರ ಕೈಯಲ್ಲಿವೆ.

ಪ್ಯಾರಿಸ್ ಮ್ಯೂಸಿಯಂ ಪಾಸ್‌ಗೆ 2024ರ ಆರಂಭದಲ್ಲಿದ್ದ ದರಗಳು ಹೀಗಿದ್ದವು: 48 ಗಂಟೆಗಳಿಗೆ 62 ಯೂರೋ, 96 ಗಂಟೆಗಳಿಗೆ 77 ಯೂರೋ, 144 ಗಂಟೆಗಳಿಗೆ 92 ಯೂರೋ. ಐವತ್ತಕ್ಕೂ ಹೆಚ್ಚು ಸಂಗ್ರಹಾಲಯ ಹಾಗೂ ಸ್ಮಾರಕಗಳಿಗೆ ತಲಾ ಒಂದು ಸಲ ಪ್ರವೇಶ. ಐವತ್ತು ಸ್ಥಳಗಳ ಟಿಕೆಟ್ ದರಗಳನ್ನು ಕೂಡಿದರೆ ಪಾಸ್ ಪುಕ್ಕಟೆಯಾಗಿ ಸಿಕ್ಕಂತೆಯೇ ಕಾಣುತ್ತದೆ. ಆದರೆ ಇಲ್ಲಿಯೇ ಮೊದಲ ತಪ್ಪು ನಡೆಯುತ್ತದೆ. ಎರಡು ದಿನಗಳಲ್ಲಿ ಐವತ್ತು ಸ್ಥಳಗಳನ್ನು ಯಾರೂ ನೋಡಲಾರರು. ಹೋಲಿಕೆಯಾಗಬೇಕಾದದ್ದು ಪಾಸ್‌ನ ಬೆಲೆಗೂ ಪಟ್ಟಿಯ ಉದ್ದಕ್ಕೂ ಅಲ್ಲ. ಪಾಸ್ ಇಲ್ಲದಿದ್ದರೂ ಯಾವ ಸ್ಥಳಗಳಿಗೆ ಹಣ ಕೊಟ್ಟು ಹೋಗುತ್ತಿದ್ದರೋ ಆ ಸ್ಥಳಗಳ ಒಟ್ಟು ದರಕ್ಕೆ.

ಅಂದಿನ ಬಿಡಿ ಟಿಕೆಟ್ ದರಗಳು ಇಂತಿವೆ:

ಲೂವ್ರ್ ಸಂಗ್ರಹಾಲಯ – 22 ಯೂರೋ
ಓರ್ಸೆ ಸಂಗ್ರಹಾಲಯ – 16 ಯೂರೋ
ಆರ್ಕ್ ದ ತ್ರಿಯೋಂಫ್ ವಿಜಯ ಕಮಾನು – 16 ಯೂರೋ
ಸಾಂತ್ ಶಾಪೆಲ್ ಪ್ರಾರ್ಥನಾ ಮಂದಿರ – 13 ಯೂರೋ
ಒರಾಂಜರಿ ಸಂಗ್ರಹಾಲಯ – 12.50 ಯೂರೋ
ಒಟ್ಟು – 79.50 ಯೂರೋ

ಐದನ್ನೂ ನೋಡಿದರೆ 62 ಯೂರೋ ಪಾಸ್‌ನಿಂದ ತಲಾ 17.50 ಯೂರೋ ಉಳಿತಾಯ. ಮೊದಲ ಮೂರನ್ನು ಮಾತ್ರ ನೋಡಿದರೆ ಬಿಡಿ ಟಿಕೆಟ್‌ಗಳ ಮೊತ್ತ 54 ಯೂರೋ. ಪಾಸ್ ಕೊಂಡವರಿಗೆ ತಲಾ 8 ಯೂರೋ ನಷ್ಟ. ಲೆಕ್ಕದ ಅನುಕೂಲಕ್ಕಾಗಿ ಯೂರೋ ಒಂದಕ್ಕೆ 90 ರೂಪಾಯಿ ಎಂದು ಹಿಡಿದರೆ, ದಂಪತಿಗಳಿಗೆ ಐದು ಸ್ಥಳಗಳಲ್ಲಿ 3,150 ರೂಪಾಯಿ ಲಾಭ, ಮೂರು ಸ್ಥಳಗಳಲ್ಲಿ 1,440 ರೂಪಾಯಿ ನಷ್ಟ.

ಮಗನ ವಿಷಯವೇನು? ಈ ಐದೂ ಸ್ಥಳಗಳಲ್ಲಿ 18 ವರ್ಷದೊಳಗಿನವರಿಗೆ, ಅವರು ಯಾವ ದೇಶದವರಾದರೂ, ಪ್ರವೇಶ ಉಚಿತ. ವಯಸ್ಸಿಗೆ ದಾಖಲೆಯಾಗಿ ಪಾಸ್‌ಪೋರ್ಟ್ ತೋರಿಸಿದರೆ ಸಾಕು. ಮನೆಯವರು ಮೂವರಿದ್ದಾರೆಂದು ಮೂರು ಪಾಸ್ ಕೊಂಡರೆ ಮೂರನೆಯದರ 62 ಯೂರೋ ಪೂರ್ತಿ ವ್ಯರ್ಥ. ಬೇರೆ ಯಾವ ತಪ್ಪಿಗಿಂತಲೂ ಇದು ದುಬಾರಿಯಾದ ತಪ್ಪು.

ನಾಲ್ಕನೆಯ ಸ್ಥಳದ ಪ್ರಶ್ನೆ

ಸಮತೋಲ ಬಿಂದು ಎಲ್ಲಿದೆ ಎಂಬುದು ಈಗ ಗೊತ್ತಾಯಿತು. ಮೂರು ಸ್ಥಳಗಳನ್ನು ನೋಡುವುದು ನಿಶ್ಚಿತವಾಗಿದ್ದರೆ 54 ಯೂರೋ ಹೇಗೂ ಖರ್ಚಾಗುವ ಹಣ. ಆದುದರಿಂದ ನಿರ್ಧಾರವಾಗಬೇಕಾದದ್ದು 62 ಯೂರೋಗಳ ಬಗ್ಗೆ ಅಲ್ಲ, ಹೆಚ್ಚುವರಿ 8 ಯೂರೋಗಳ ಬಗ್ಗೆ ಮಾತ್ರ. ಆ 8 ಯೂರೋಗಳಿಗೆ ಪ್ರತಿಯಾಗಿ ಸಾಂತ್ ಶಾಪೆಲ್ ಮತ್ತು ಒರಾಂಜರಿ ಎರಡರ ಬಾಗಿಲೂ ತೆರೆಯುತ್ತವೆ. ಇವೆರಡರಲ್ಲಿ ಒಂದನ್ನಾದರೂ ಖಂಡಿತವಾಗಿ ನೋಡುವುದಾದರೆ ಪಾಸ್ ಲಾಭಕರ. ‘ಸಮಯ ಸಿಕ್ಕರೆ ನೋಡೋಣ’ ಎಂಬ ಮಟ್ಟದ ಇಚ್ಛೆಯಾದರೆ ಬಿಡಿ ಟಿಕೆಟ್ಟೇ ಲೇಸು. ಹೆಚ್ಚುವರಿ ಆರ್ಡರನ್ನು ಒಪ್ಪಿಕೊಳ್ಳಬೇಕೇ ಎಂದು ತೀರ್ಮಾನಿಸುವಾಗ ಸ್ಥಿರ ವೆಚ್ಚವನ್ನು ಬದಿಗಿಟ್ಟು ಹೆಚ್ಚುವರಿ ವೆಚ್ಚ ಮತ್ತು ಹೆಚ್ಚುವರಿ ಆದಾಯವನ್ನಷ್ಟೇ ನೋಡುವ ಕ್ರಮಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ.

ಇನ್ನೊಂದು ಅಂಶ. ವಿಜಯ ಕಮಾನಿನ ಮೇಲೇರಲು 284 ಮೆಟ್ಟಿಲುಗಳಿವೆ. ಪತ್ನಿಗೆ ಮೊಣಕಾಲು ನೋವಿದ್ದು ಅವರು ಹತ್ತುವುದಿಲ್ಲವೆಂದಾದರೆ ಅವರ ಲೆಕ್ಕವೇ ಬೇರೆ. ಲೂವ್ರ್, ಓರ್ಸೆ, ಸಾಂತ್ ಶಾಪೆಲ್ ಸೇರಿ 51 ಯೂರೋ. ಒರಾಂಜರಿಯನ್ನೂ ಸೇರಿಸಿದರೆ 63.50. ಅಂದರೆ ನಾಲ್ಕು ಸ್ಥಳಗಳನ್ನು ನೋಡಿದರೂ ಅವರಿಗೆ ಪಾಸ್‌ನಿಂದಾಗುವ ಉಳಿತಾಯ ಕೇವಲ ಒಂದೂವರೆ ಯೂರೋ. ಒಂದು ಸ್ಥಳ ತಪ್ಪಿದರೂ ನಷ್ಟ. ಗಂಡನಿಗೆ ಪಾಸ್, ಹೆಂಡತಿಗೆ ಬಿಡಿ ಟಿಕೆಟ್ ಎಂದು ತೀರ್ಮಾನಿಸುವುದರಲ್ಲಿ ಅಸಂಗತವೇನೂ ಇಲ್ಲ. ಪಾಸ್‌ನ ಲೆಕ್ಕ ಕುಟುಂಬದ್ದಲ್ಲ, ತಲಾವಾರು.

ಗಡಿಯಾರ ಮತ್ತು ವಾರದ ರಜೆ

ದಿನವೊಂದಕ್ಕೆ ಬೀಳುವ ವೆಚ್ಚವನ್ನು ನೋಡಿದರೆ ದೀರ್ಘಾವಧಿಯ ಪಾಸ್ ಅಗ್ಗ. 48 ಗಂಟೆಗಳ ಪಾಸ್‌ನಲ್ಲಿ ದಿನಕ್ಕೆ 31 ಯೂರೋ, 96 ಗಂಟೆಗಳದ್ದರಲ್ಲಿ 19.25, 144 ಗಂಟೆಗಳದ್ದರಲ್ಲಿ ಸುಮಾರು 15.33. ಸಗಟು ಖರೀದಿಗೆ ದರ ಇಳಿಯುವ ಈ ಕ್ರಮ ವ್ಯಾಪಾರಸ್ಥರಿಗೆ ಹೊಸದಲ್ಲ. ಆದರೆ ಮೇಳದ ಮಳಿಗೆಯಲ್ಲಿ ನಿಂತಿರುವ ದಿನಗಳಲ್ಲೂ ಪಾಸ್‌ನ ಗಡಿಯಾರ ಓಡುತ್ತಲೇ ಇರುತ್ತದೆ. ಮೊದಲ ಬಾರಿ ಬಳಸಿದ ಕ್ಷಣದಿಂದ ಗಂಟೆಗಳು ನಿರಂತರವಾಗಿ ಎಣಿಕೆಯಾಗುತ್ತವೆ, ನಡುವೆ ನಿಲ್ಲಿಸುವಂತಿಲ್ಲ. ಇರುವುದು ಎರಡೇ ದಿನವಾದರೆ ನಾಲ್ಕು ದಿನಗಳ ಪಾಸ್ ಎಷ್ಟು ಅಗ್ಗವಾದರೂ ಉಪಯೋಗವಿಲ್ಲ.

ಇದೇ ನಿಯಮ ಅನುಕೂಲಕ್ಕೂ ಬರುತ್ತದೆ. ಗಂಟೆಗಳ ಲೆಕ್ಕವಾದುದರಿಂದ ಗುರುವಾರ ಮಧ್ಯಾಹ್ನ ಮೊದಲ ಪ್ರವೇಶ ಮಾಡಿದವರ 48 ಗಂಟೆ ಶನಿವಾರ ಮಧ್ಯಾಹ್ನದವರೆಗೂ ಇರುತ್ತದೆ. ಸಂಜೆಯ ವಿಮಾನವಿದ್ದವರಿಗೆ ಎರಡು ದಿನಗಳ ಪಾಸ್ ಮೂರು ದಿನಗಳಿಗೆ ಹಂಚಿಕೆಯಾದಂತಾಗುತ್ತದೆ.

ವಾರದ ರಜೆಯನ್ನೂ ಗಮನಿಸಬೇಕು. ಲೂವ್ರ್ ಮತ್ತು ಒರಾಂಜರಿ ಮಂಗಳವಾರ ಮುಚ್ಚಿರುತ್ತವೆ. ಓರ್ಸೆ ಮತ್ತು ವರ್ಸಾಯ್ ಅರಮನೆ ಸೋಮವಾರ ಮುಚ್ಚಿರುತ್ತವೆ. ಉದಾಹರಣೆಯ ಉದ್ಯಮಿಗೆ ಗುರುವಾರ, ಶುಕ್ರವಾರ ಸಿಕ್ಕಿದ್ದು ಅದೃಷ್ಟ. ಗುರುವಾರ ಓರ್ಸೆ, ಶುಕ್ರವಾರ ಲೂವ್ರ್ ರಾತ್ರಿಯವರೆಗೂ ತೆರೆದಿರುವುದರಿಂದ ಅವರು ನಾಲ್ಕನೆಯ ಸ್ಥಳಕ್ಕೆ ಹಗಲಿನಲ್ಲಿ ಸಮಯ ಮಾಡಿಕೊಳ್ಳಬಹುದಿತ್ತು. ಅದೇ ಎರಡು ದಿನಗಳು ಸೋಮವಾರ, ಮಂಗಳವಾರವಾಗಿದ್ದರೆ ಪ್ರತಿದಿನ ಒಂದಲ್ಲ ಒಂದು ದೊಡ್ಡ ಬಾಗಿಲು ಮುಚ್ಚಿರುತ್ತಿತ್ತು. ಪಾಸ್‌ನ ಬೆಲೆ ಮಾತ್ರ ಕಡಿಮೆಯಾಗುತ್ತಿರಲಿಲ್ಲ.

ಪಾಸ್ ಇದ್ದರೂ ಲೂವ್ರ್, ಸಾಂತ್ ಶಾಪೆಲ್ ಮುಂತಾದ ಕಡೆ ಪ್ರವೇಶದ ವೇಳೆಯನ್ನು ಮುಂಗಡವಾಗಿ ಕಾದಿರಿಸಬೇಕು. ವೇಳೆ ಸಿಗದಿದ್ದರೆ ಪಾಸ್ ಇದ್ದೂ ಇಲ್ಲದಂತೆ. ‘ಸರದಿಯಿಲ್ಲದೆ ಪ್ರವೇಶ’ ಎಂಬ ಮಾತನ್ನೂ ಎಚ್ಚರಿಕೆಯಿಂದ ಅರ್ಥೈಸಬೇಕು. ತಪ್ಪುವುದು ಟಿಕೆಟ್ ಕೊಳ್ಳುವ ಸರದಿ ಮಾತ್ರ. ಭದ್ರತಾ ತಪಾಸಣೆಯ ಸರದಿ ಎಲ್ಲರಿಗೂ ಸಮಾನ. ಐಫೆಲ್ ಗೋಪುರವಾಗಲಿ, ಊರಿನೊಳಗಿನ ಮೆಟ್ರೊ ಪ್ರಯಾಣವಾಗಲಿ ಈ ಪಾಸ್‌ನಲ್ಲಿ ಸೇರಿಲ್ಲ. ನೋತ್ರ್ ದಾಮ್ ಚರ್ಚಿನ ಪ್ರವೇಶ ಎಲ್ಲರಿಗೂ ಉಚಿತವಾದುದರಿಂದ ಅದನ್ನು ಪಾಸ್‌ನ ಲಾಭದ ಬದಿಗೆ ಬರೆಯುವಂತಿಲ್ಲ.

ಮಾರುವವರಿಗೆ ಲಾಭ ಹೇಗೆ?

ಯಾವುದೇ ಯೋಜನೆಯನ್ನು ಒಪ್ಪುವ ಮುನ್ನ ಎದುರು ಪಕ್ಷದ ಲಾಭ ಎಲ್ಲಿದೆ ಎಂದು ಕೇಳುವುದು ವ್ಯಾಪಾರದ ಜಾಣ್ಮೆ. ಒಟ್ಟಾಗಿ ಮುಂಗಡ ಹಣ ಪಡೆದು ಸೇವೆ ಒದಗಿಸುವ ಯಾವ ವ್ಯವಹಾರದಲ್ಲೂ ಕೆಲವು ಗ್ರಾಹಕರು ತಮ್ಮ ಹಕ್ಕನ್ನು ಪೂರ್ತಿಯಾಗಿ ಬಳಸುವುದಿಲ್ಲ. ಇದು ಲೆಕ್ಕಪತ್ರ ಶಾಸ್ತ್ರವೂ ಗುರುತಿಸಿರುವ ಸಂಗತಿ. ನಮ್ಮ ದೇಶದಲ್ಲಿ 2018ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇಂಡ್ ಎಎಸ್ 115 ಎಂಬ ಲೆಕ್ಕಪತ್ರ ಮಾನದಂಡದಲ್ಲಿ, ಗ್ರಾಹಕರು ಬಳಸದೆ ಬಿಡುವ ಹಕ್ಕುಗಳನ್ನು ‘ಬ್ರೇಕೇಜ್’ ಎಂದು ಕರೆದು, ಅದನ್ನು ಆದಾಯವೆಂದು ಯಾವಾಗ ಪರಿಗಣಿಸಬೇಕೆಂಬುದಕ್ಕೆ ಪ್ರತ್ಯೇಕ ನಿಯಮಗಳನ್ನೇ ನೀಡಲಾಗಿದೆ. ಕೊಂಡವರು ನೋಡದೆ ಬಿಟ್ಟ ಸ್ಥಳ ಮಾರಿದವರ ಆದಾಯ ಎಂದು ಇದನ್ನು ಸರಳವಾಗಿ ಹೇಳಬಹುದು. ಇದರಲ್ಲಿ ಮೋಸವಿಲ್ಲ, ನಿಯಮಗಳೆಲ್ಲ ಮೊದಲೇ ತಿಳಿದಿರುತ್ತವೆ. ತಮ್ಮ ಶಕ್ತಿಯನ್ನು ಹೆಚ್ಚಾಗಿ ಅಂದಾಜು ಮಾಡುವವರು ಕೊಳ್ಳುವವರೇ.

ಈ ಅತಿ ಅಂದಾಜು ಎಷ್ಟು ಸಾಮಾನ್ಯ ಎಂಬುದಕ್ಕೆ ಒಂದು ಪ್ರಸಿದ್ಧ ಅಧ್ಯಯನ ಸಾಕ್ಷಿ. ಅರ್ಥಶಾಸ್ತ್ರಜ್ಞರಾದ ಸ್ಟೆಫಾನೊ ಡೆಲ್ಲಾವಿನ್ಯ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ 2006ರಲ್ಲಿ ಅಮೆರಿಕದ ವ್ಯಾಯಾಮ ಶಾಲೆಗಳ ಸದಸ್ಯರ ಹಾಜರಾತಿಯನ್ನು ಪರಿಶೀಲಿಸಿದ ಪ್ರಬಂಧವನ್ನು ಪ್ರಕಟಿಸಿದರು. ತಿಂಗಳಿಗೆ 70 ಡಾಲರ್‌ಗೂ ಹೆಚ್ಚು ಶುಲ್ಕ ಕೊಡುತ್ತಿದ್ದ ಸದಸ್ಯರು ಸರಾಸರಿ 4.3 ಬಾರಿ ಮಾತ್ರ ಹೋಗುತ್ತಿದ್ದರು. ಪ್ರತಿ ಭೇಟಿಗೆ 17 ಡಾಲರ್‌ಗೂ ಹೆಚ್ಚು ಬಿದ್ದಂತಾಯಿತು. ಹತ್ತು ಭೇಟಿಗಳ ಚೀಟಿ ಕೊಂಡಿದ್ದರೆ ಭೇಟಿಗೆ 10 ಡಾಲರ್ ಸಾಕಿತ್ತು. ನಾಳೆಯ ತಮ್ಮ ಉತ್ಸಾಹದ ಬಗ್ಗೆ ಇಂದು ಇಟ್ಟ ನಂಬಿಕೆಗೆ ಅವರು ತೆತ್ತ ಬೆಲೆಯದು.

ಕೊಂಡ ಮೇಲಿನ ಒತ್ತಡ

ಹಣದ ನಷ್ಟಕ್ಕಿಂತ ದೊಡ್ಡದಾದ ಇನ್ನೊಂದು ನಷ್ಟವಿದೆ. 1985ರಲ್ಲಿ ಹಾಲ್ ಆರ್ಕ್ಸ್ ಮತ್ತು ಕ್ಯಾಥರೀನ್ ಬ್ಲೂಮರ್ ಎಂಬ ಸಂಶೋಧಕರು ನಾಟಕಗಳ ಋತು ಟಿಕೆಟ್‌ಗಳನ್ನು ಕೆಲವರಿಗೆ ಪೂರ್ಣ ದರಕ್ಕೂ ಕೆಲವರಿಗೆ ರಿಯಾಯಿತಿ ದರಕ್ಕೂ ಮಾರಿದ ಪ್ರಯೋಗವನ್ನು ವರದಿ ಮಾಡಿದರು. ಋತುವಿನ ಮೊದಲರ್ಧದಲ್ಲಿ ಪೂರ್ಣ ದರ ಕೊಟ್ಟವರೇ ಹೆಚ್ಚು ನಾಟಕಗಳಿಗೆ ಬಂದರು. ಕೊಟ್ಟ ಹಣ ಯಾರಿಗೂ ಹಿಂತಿರುಗುತ್ತಿರಲಿಲ್ಲ; ಆದರೂ ಅದು ಅವರನ್ನು ಎಳೆದು ತಂದಿತು. ಇದನ್ನೇ ಲೆಕ್ಕಶಾಸ್ತ್ರದಲ್ಲಿ ಮುಳುಗಿದ ವೆಚ್ಚ ಎನ್ನುವುದು.

ಪಾಸ್ ಕೊಂಡ ಪ್ರವಾಸಿಗೂ ಇದೇ ಆಗುತ್ತದೆ. ಲೂವ್ರ್‌ನಂತಹ ವಿಶಾಲವಾದ ಸಂಗ್ರಹಾಲಯದಲ್ಲಿ ಒಂದು ಚಿತ್ರದ ಮುಂದೆ ಮಗ ನಿಂತಿರುವಾಗ ತಂದೆ ಕೈಗಡಿಯಾರ ನೋಡುತ್ತಾರೆ. ಇನ್ನೊಂದು ಸ್ಥಳ ಮುಗಿಸಿದರೆ ಮಾತ್ರ ಹಣ ವಸೂಲಾಗುತ್ತದೆ ಎಂಬ ಯೋಚನೆ ಬಂದ ಕ್ಷಣದಿಂದ ಪ್ರವಾಸವು ವಸೂಲಿಯ ಕೆಲಸವಾಗುತ್ತದೆ. ಐದು ದಿನ ಮಳಿಗೆಯಲ್ಲಿ ನಿಂತು ದಣಿದ ಉದ್ಯಮಿಗೆ, ವರ್ಷವಿಡೀ ಅಂಗಡಿಯ ವೇಳೆಗೆ ತಮ್ಮ ವೇಳೆಯನ್ನು ಹೊಂದಿಸಿಕೊಂಡ ಮನೆಯವರಿಗೆ ಸಿಕ್ಕ ಎರಡೇ ದಿನಗಳು ಅವು. ವಿಮಾನ, ವಸತಿ, ವೀಸಾ ಎಲ್ಲ ಸೇರಿ ಲಕ್ಷಗಳು ಖರ್ಚಾಗಿರುವಾಗ 8 ಯೂರೋ ಹಿಂಪಡೆಯಲು ಆ ಎರಡು ದಿನಗಳನ್ನು ಓಟದಲ್ಲಿ ಕಳೆಯುವುದು ಯಾವ ಲೆಕ್ಕದಲ್ಲೂ ಲಾಭವಲ್ಲ. ಕೊಂಡ ಪಾಸ್‌ನ ಹಣ ಹೋಯಿತು ಎಂದು ಭಾವಿಸಿ, ಮುಂದಿನ ಪ್ರತಿ ಗಂಟೆಯನ್ನು ಆ ಗಂಟೆಯ ಸಂತೋಷದಿಂದಲೇ ಅಳೆಯುವುದು ವಿವೇಕ.

ದರ ಬದಲಾದರೆ ಲೆಕ್ಕವೂ ಬದಲು

ಒಮ್ಮೆ ಲಾಭಕರವಾದದ್ದು ಸದಾ ಲಾಭಕರವೆಂದು ತಿಳಿಯುವಂತಿಲ್ಲ. ಜಪಾನಿನ ರೈಲ್ ಪಾಸ್ ಇದಕ್ಕೆ ನಿದರ್ಶನ. ಏಳು ದಿನಗಳ ಸಾಮಾನ್ಯ ದರ್ಜೆಯ ಪಾಸ್‌ನ ಬೆಲೆ 29,650 ಯೆನ್ ಇದ್ದದ್ದು 2023ರ ಅಕ್ಟೋಬರ್‌ನಲ್ಲಿ 50,000 ಯೆನ್‌ಗೆ ಏರಿತು. ಟೋಕಿಯೊದಿಂದ ಕ್ಯೋಟೊಗೆ ಬುಲೆಟ್ ರೈಲಿನಲ್ಲಿ ಹೋಗಿಬರಲು ಸುಮಾರು 28 ಸಾವಿರ ಯೆನ್ ಬೇಕು. ಹಳೆಯ ದರದಲ್ಲಿ ಆ ಒಂದೇ ಪ್ರಯಾಣ ಪಾಸ್‌ನ ಬೆಲೆಯನ್ನು ಬಹುತೇಕ ತುಂಬಿಕೊಡುತ್ತಿತ್ತು. ಹೊಸ ದರದಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ. ಹಿಂದೆ ಹೋಗಿಬಂದ ಮಿತ್ರರ ಸಲಹೆಯನ್ನು ಹಾಗೆಯೇ ಪಾಲಿಸಿದವರಿಗೆ ನಷ್ಟ ಖಚಿತ.

ಪ್ಯಾರಿಸ್‌ನಲ್ಲಿಯೂ ತಕ್ಕಡಿ ಅಲುಗಿದೆ. 2026ರ ಜನವರಿ 14ರಿಂದ ಐರೋಪ್ಯ ಆರ್ಥಿಕ ವಲಯದ ಹೊರಗಿನ ದೇಶಗಳವರಿಗೆ ಲೂವ್ರ್ ಟಿಕೆಟ್ 22 ಯೂರೋದಿಂದ 32 ಯೂರೋಗೆ ಏರಿತು. ಭಾರತೀಯರೂ ಇದರಲ್ಲಿ ಸೇರುತ್ತಾರೆ. 2024ರ ನಂತರ ಪಾಸ್‌ನ ಬೆಲೆಯೂ ಏರಿದೆ. ಪಾಂಪಿಡೂ ಕೇಂದ್ರ ನವೀಕರಣಕ್ಕಾಗಿ 2025ರಲ್ಲಿ ಹಲವು ವರ್ಷಗಳ ಮಟ್ಟಿಗೆ ಮುಚ್ಚಿದೆ. ಆದುದರಿಂದ ಮೇಲಿನ ಅಂಕಿಗಳನ್ನು ಲೆಕ್ಕದ ವಿಧಾನ ತಿಳಿಯಲಷ್ಟೇ ಬಳಸಿ, ಹೊರಡುವ ಮುನ್ನ ಅಂದಿನ ದರಗಳನ್ನು ಹಾಕಿ ಮತ್ತೊಮ್ಮೆ ಕೂಡಿ ನೋಡತಕ್ಕದ್ದು.

ಲೆಕ್ಕದ ಪುಸ್ತಕದಲ್ಲಿ

ಮೇಳದ ಶುಲ್ಕ, ಮಳಿಗೆಯ ಬಾಡಿಗೆ, ಮೇಳದ ದಿನಗಳ ವಸತಿ ವ್ಯಾಪಾರದ ವೆಚ್ಚಗಳು. ಪ್ರೇಕ್ಷಣೀಯ ಸ್ಥಳಗಳ ಪಾಸ್, ಮನೆಯವರ ಟಿಕೆಟ್, ಹೆಚ್ಚುವರಿ ದಿನಗಳ ವಸತಿ ವೈಯಕ್ತಿಕ ಸ್ವರೂಪದವು. ಆದಾಯ ತೆರಿಗೆ ಕಾನೂನಿನಲ್ಲಿ ವೈಯಕ್ತಿಕ ಖರ್ಚನ್ನು ವ್ಯಾಪಾರದ ಆದಾಯದಿಂದ ಕಳೆಯಲು ಅವಕಾಶವಿಲ್ಲ. ಸಂಸ್ಥೆಯ ಕಾರ್ಡಿನಿಂದ ಪಾವತಿಸಿದ್ದರೆ ಅದನ್ನು ಮಾಲೀಕರ ಅಥವಾ ಪಾಲುದಾರರ ಸ್ವಂತ ಖಾತೆಗೆ ಖರ್ಚು ಹಾಕಬೇಕು. ಕೆಲವು ಸಾವಿರ ರೂಪಾಯಿಗಳ ಪಾಸನ್ನು ‘ಪ್ರವಾಸ ವೆಚ್ಚ’ದಲ್ಲಿ ಸೇರಿಸಿದರೆ, ಅದೇ ಶೀರ್ಷಿಕೆಯಡಿ ಇರುವ ಲಕ್ಷಗಳ ನ್ಯಾಯವಾದ ಖರ್ಚಿನ ಮೇಲೂ ಅಧಿಕಾರಿಗಳಿಗೆ ಅನುಮಾನ ಮೂಡುತ್ತದೆ.

ಕೊಳ್ಳುವ ಮುನ್ನ

1. ಮೊದಲು ನೋಡಬೇಕಾದ ಸ್ಥಳಗಳ ಪಟ್ಟಿ, ನಂತರ ಪಾಸ್‌ನ ಪಟ್ಟಿ. ಈ ಕ್ರಮ ತಲೆಕೆಳಗಾಗಬಾರದು.

2. ಪಟ್ಟಿಯನ್ನು ‘ಖಂಡಿತ’ ಮತ್ತು ‘ಸಾಧ್ಯವಾದರೆ’ ಎಂದು ಎರಡಾಗಿ ವಿಂಗಡಿಸಬೇಕು. ಬಿಡಿ ಟಿಕೆಟ್ ದರ ಕೂಡುವಾಗ ಮೊದಲ ಭಾಗವನ್ನಷ್ಟೇ ಹಿಡಿಯಬೇಕು.

3. ಉಚಿತ ಪ್ರವೇಶವಿರುವ ಸ್ಥಳ, ಉಚಿತವಾಗಿ ಹೋಗಬಲ್ಲ ಮಕ್ಕಳು, ಪಾಸ್‌ನಲ್ಲಿ ಸೇರದ ಆಕರ್ಷಣೆ ಇವನ್ನು ಲೆಕ್ಕದಿಂದ ಹೊರಗಿಡಬೇಕು.

4. ವಾರದ ರಜೆ, ಸಂಜೆಯ ವೇಳೆ, ಮುಂಗಡ ಕಾದಿರಿಸುವಿಕೆ ಮೂರನ್ನೂ ದಿನಾಂಕದೊಂದಿಗೆ ತಾಳೆ ನೋಡಬೇಕು.

5. ಉಳಿತಾಯ ಅತ್ಯಲ್ಪವಾದರೆ ಬಿಡಿ ಟಿಕೆಟ್ಟೇ ಉತ್ತಮ. ಯೋಜನೆ ಬದಲಿಸುವ ಸ್ವಾತಂತ್ರ್ಯಕ್ಕೂ ಬೆಲೆಯಿದೆ.

ಸ್ಕೀಮ್ ಇದೆಯೆಂದು ಅಗತ್ಯಕ್ಕಿಂತ ಹೆಚ್ಚು ಕೊಂಡ ಮಾಲು ಗೋದಾಮಿನಲ್ಲಿ ಧೂಳು ಹಿಡಿದು ಕುಳಿತಿರುವುದನ್ನು ನೋಡದ ವ್ಯಾಪಾರಸ್ಥರು ವಿರಳ. ಅಲ್ಲಿ ತಪ್ಪಿದ್ದು ಸ್ಕೀಮ್ ಅಲ್ಲ, ಬೇಡಿಕೆಯ ಅಂದಾಜು. ಯಂತ್ರದ ವಾರ್ಷಿಕ ನಿರ್ವಹಣಾ ಒಪ್ಪಂದಕ್ಕೂ, ಕ್ಲಬ್ಬಿನ ಸದಸ್ಯತ್ವಕ್ಕೂ ಇದೇ ಮಾತು ಸಲ್ಲುತ್ತದೆ. ಕಾಸಿಗೆ ತಕ್ಕ ಕಜ್ಜಾಯ ಎನ್ನುತ್ತಾರೆ. ಎಷ್ಟು ಕಜ್ಜಾಯ ತಿನ್ನಬಲ್ಲೆವು ಎಂಬುದನ್ನು ಮೊದಲು ತಿಳಿದುಕೊಂಡವರಿಗೆ ಮಾತ್ರ ಎಷ್ಟು ಕಾಸು ಕೊಡಬೇಕೆಂಬುದೂ ತಿಳಿಯುತ್ತದೆ.